ಗಿರಣಿ ಮನೆಗೆ ಬಂದ ತೌಡು

“ಯಾರನ್ನ ಕೇಳಿ ಇಟ್ಕೊಂಡ್ರಿ?”

“ಏನಂದೆ?”

“ನಾಯಿ ರೀ, ನಾಯಿ! ಯಾರನ್ನ ಕೇಳಿ ಇಟ್ಕೊಂಡ್ರಿ ಅಂತ!”

“ಕೂಗಬೇಡ, ಕೇಳಿಸ್ತು,” ಎಂದು ಗಿರಣಿಯಪ್ಪ ಅದಕ್ಕಿಂತ ಜೋರಾಗಿ ಕೂಗಿದ.

ಗಿರಣಿಯಮ್ಮ ತರಕಾರಿ ಚೀಲವನ್ನು ನೆಲಕ್ಕೆ ಕುಕ್ಕಿದಳು. ಆಲೂಗಡ್ಡೆಯೊಂದು ಉರುಳಿ ಹೋಗಿ ಮೂಲೆಯಲ್ಲಿ ಕೂತಿದ್ದ ನಾಯಿಯ ಮುಂದೆ ನಿಂತಿತು. ವರ್ಷ ತುಂಬಿರದ ನಾಯಿ. ಕಾಲು ಮಾತ್ರ ಅವಸರದಲ್ಲಿ ಬೆಳೆದಿದ್ದವು, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿಕೊಂಡಿತ್ತು. ಅದು ಆಲೂಗಡ್ಡೆಯನ್ನು ಕಚ್ಚಿಕೊಂಡು, ತನ್ನನ್ನು ಬೈಯುತ್ತಿದ್ದವಳನ್ನೇ ನೋಡುತ್ತ ಬಾಲ ಆಡಿಸಿತು.

“ಹಿಟ್ಟಿನಲ್ಲಿ ಒಂದು ನಾಯಿ ಕೂದಲು ಸಿಕ್ಕಿದ್ರೆ ಗಿರಾಕಿಗಳು ನಮ್ಮ ಕೂದಲು ಕೀಳ್ತಾರೆ! ಗುಡಿಸೋರು ಯಾರು? ಇದರ ಉಚ್ಚೆ ಬಳಿಯೋರು ಯಾರು? ನಿಮ್ಮಮ್ಮನಾ?”

“ನನ್ನನ್ಯಾಕೆ ಎಳೀತೀಯ? ನಾನೇನು ನಾಯಿ ಬೇಕು ಅಂತ ಅತ್ತಿದ್ನಾ?” ಎಂದು ಅಜ್ಜಿ ನಡುಮನೆಯ ಮಂಚದಿಂದಲೇ ಕೂಗಿದಳು.

ಹಿಟ್ಟಿನ ಗಿರಣಿಯ ಬೆನ್ನಿಗೆ ಅಂಟಿಸಿ ಕಟ್ಟಿದ ಮನೆ ಅದು. ಗಿರಣಿಗೂ ಅಡುಗೆಮನೆಗೂ ನಡುವೆ ಬಾಗಿಲಿತ್ತು, ಕದವಿರಲಿಲ್ಲ. ಮೋಟಾರು ಶುರುವಾದರೆ ಹಲಗೆಯ ಮೇಲಿನ ಲೋಟಗಳು ತಮ್ಮತಮ್ಮಲ್ಲೇ ಹರಟೆಗೆ ಇಳಿಯುತ್ತಿದ್ದವು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯವರ ಗಂಟಲು ಅದೇ ಅಳತೆಗೆ ಹೊಂದಿಕೊಂಡಿತ್ತು. ಗಿರಣಿ ನಿಂತ ಮೇಲೂ ಇಳಿಯುತ್ತಿರಲಿಲ್ಲ. ಇಲ್ಲಿ “ಉಪ್ಪು ಕೊಡು” ಎಂದರೆ ಎದುರುಮನೆಯವರು ಉಪ್ಪು ಹಿಡಿದು ಬರಬೇಕು, ಅಷ್ಟು ಜೋರು. ಗಿರಣಿಯಪ್ಪನ ಕಿವಿಯಂತೂ ಎಂದೋ ಮೋಟಾರಿಗೆ ಅರ್ಪಿತವಾಗಿತ್ತು. ಅದಕ್ಕೆ ಅವನು ತಲೆ ಕೆಡಿಸಿಕೊಂಡವನಲ್ಲ. ಆ ಗಿರಣಿಯಲ್ಲಿ ದುಡಿದವರಿಗೆ ತುಟಿ ನೋಡಿದರೆ ಸಾಕು, ಮಾತು ತಿಳಿಯುತ್ತಿತ್ತು. ದನಿಯೇ ಹೊರಡಿಸದೆ ಬರೀ ಬಾಯಿ ಆಡಿಸಿ “ಜೋಳ ಮೊದಲು, ಗೋಧಿ ಆಮೇಲೆ” ಎಂದು ಈ ತುದಿಯಿಂದ ಆ ತುದಿಗೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಅವನೂ ಅವನ ಅಕ್ಕನೂ ಗಿರಾಕಿಗಳ ಎದುರೇ ನಿಂತು ಗಿರಾಕಿಗಳನ್ನು ಹೀಗೆ ಬೈದು ನಗುತ್ತಿದ್ದರು.

ನಾಯಿಯನ್ನು ತಂದುಬಿಟ್ಟು ಹೋದವಳು ಆ ಅಕ್ಕನೇ. ಗಂಡ ಯಾವುದೋ ತರಬೇತಿಗೆಂದು ಊರಲ್ಲಿಲ್ಲದಾಗ ಆಟೋದಲ್ಲಿ ಬಂದಿದ್ದಳು. ಹಗ್ಗವನ್ನು ತಮ್ಮನ ಕೈಗಿಟ್ಟು, “ನೀನೇ ಇಟ್ಕೋ. ಯಾರು ಕೇಳಿದ್ರೂ ವಾಪಸ್ ಕೊಡಬೇಡ” ಎಂದು, ಚಹಾ ಕೂಡ ಕುಡಿಯದೆ ಅದೇ ಆಟೋ ಹತ್ತಿದ್ದಳು. ತರಕಾರಿ ತರಲು ಹೋಗಿದ್ದ ಗಿರಣಿಯಮ್ಮನಿಗೆ ಸಿಕ್ಕಿದ್ದು ನಾಯಿ ಮತ್ತು ಗಂಡನ ಪೆಚ್ಚು ಮುಖ.

“ಅಕ್ಕ ಕೇಳಿದ್ದು ಇದೇ ಮೊದಲು,” ಎಂದ ಅವನು. “ಇಲ್ಲ ಅನ್ನೋಕೆ ಆಗ್ಲಿಲ್ಲ.”

“ನನಗೆ ಇಲ್ಲ ಅನ್ನೋಕೆ ಮಾತ್ರ ಚೆನ್ನಾಗಿ ಬರುತ್ತೆ.”

“ತೌಡಿನ ಬಣ್ಣ ಇದೆ. ತೌಡು ಅಂತ ಹೆಸರಿಡೋಣ,” ಎಂದು ಮಗಳು ನಡುವೆ ಬಾಯಿ ಹಾಕಿದಳು. ಕಾಲೇಜಿಗೆ ಹೋಗುವ ಹುಡುಗಿ. ಯಾರ ದನಿ ಕೇಳಿದರೂ ಮರುಕ್ಷಣ ಅದೇ ದನಿಯಲ್ಲಿ ವಾಪಸ್ ಕೊಡುವವಳು. ಅದಕ್ಕೇ ಬೀದಿಯವರು ಗಿಣಿ ಎನ್ನುತ್ತಿದ್ದರು. ಗಿರಣಿಯ ನಡುವಿನ ಅಕ್ಷರವನ್ನು ಮೋಟಾರು ನುಂಗಿದರೆ ಉಳಿಯುವುದು ಗಿಣಿಯೇ ಎಂಬುದು ಅವಳದೇ ವ್ಯಾಖ್ಯಾನ.

“ಇಡು, ಇಡು. ಮದುವೆಯಾಗಿ ಬಂದಾಗಿಂದ ಈ ಮನೇಲಿ ತೌಡು ಕುಟ್ತಾನೇ ಇದೀನಿ. ಈಗ ತೌಡಿಗೆ ಬಾಲವೂ ಬಂತು,” ಎಂದಳು ಗಿರಣಿಯಮ್ಮ.

ಮೊದಲ ವಾರ ತೌಡು ಎಲ್ಲ ಮರಿನಾಯಿಗಳೂ ಮಾಡುವುದನ್ನೇ ಮಾಡಿತು. ಗೋಣಿಚೀಲದ ಮೂಲೆ ಕಡಿಯಿತು. ಅಜ್ಜಿಯ ಚಪ್ಪಲಿಯಲ್ಲಿ ಒಂದನ್ನು ತಿಂದು ಇನ್ನೊಂದನ್ನು ಹಿತ್ತಲಲ್ಲಿ ಹೂತಿತು. ಗಿರಣಿಯಮ್ಮ ಪೊರಕೆ ಹಿಡಿದು “ಲೇ ದರಿದ್ರದ್ದೇ!” ಎಂದು ಬೀದಿಗೆಲ್ಲ ಕೇಳುವಂತೆ ಅರಚಿದರೆ, ಅದು ಪೊರಕೆಯ ತುದಿಗೇ ಜೋತು ಬೀಳುತ್ತಿತ್ತು. ಗಿರಣಿ ಓಡುವಾಗ ಮೋಟಾರಿನ ಪಕ್ಕದ ಮೂಲೆಯಲ್ಲಿ ನಿದ್ದೆ. ಏಳುವಷ್ಟರಲ್ಲಿ ಮೈಯೆಲ್ಲ ಬಿಳಿ. ಒದರಿಕೊಂಡರೆ ಇನ್ನೊಬ್ಬರ ಮೈಯೂ ಬಿಳಿ. ಬೈದುಕೊಂಡೇ ಅವಳು ಅದರ ತಟ್ಟೆಗೆ ಅನ್ನ ಕಲಸಿ ಹಾಕುತ್ತಿದ್ದಳು, ಬೈದುಕೊಂಡೇ ಒಂದು ಮೊಟ್ಟೆ ಒಡೆಯುತ್ತಿದ್ದಳು.

ಚಪ್ಪಲಿಯ ಸುದ್ದಿ ಫೋನಿನಲ್ಲಿ ಅಳಿಯನಿಗೆ ಹೋಯಿತು. ಆ ಮನೆಯಲ್ಲಿ ಫೋನು ಅಜ್ಜಿಯ ಖಾತೆ. ಅವಳಿಗೆ ಕಣ್ಣು ಮಂಜು, ಕಿವಿ ಚುರುಕು. ಮಗನಿಗೆ ಕಣ್ಣು ಚುರುಕು, ಕಿವಿ ಮಂಜು. ಫೋನಿನಲ್ಲಿ ತುಟಿ ಕಾಣುವುದಿಲ್ಲವಾದ್ದರಿಂದ ಬಂದ ಕರೆಗಳನ್ನೆಲ್ಲ ಅಜ್ಜಿಯೇ ಎತ್ತಿ, ಕೇಳಿ, ಸಾರಾಂಶವನ್ನು ಮನೆಗೆ ಕೂಗಿ ಹೇಳುತ್ತಿದ್ದಳು.

“ಅಳಿಯಂದ್ರು ಮಾತಾಡ್ತಿದಾರೆ, ಎಲ್ರೂ ಬಾಯಿ ಮುಚ್ಚಿ!” ಎಂದಳು. ಅಳಿಯ ದೊಡ್ಡ ಗ್ರಂಥಾಲಯವೊಂದರ ಅಧಿಕಾರಿ. ಮನೆಯಲ್ಲಿ ಅವರಿಗೆ ಲೈಬ್ರರಿ ಭಾವ ಎಂದೇ ಹೆಸರು. ಅವರ ಬಾಯಿಂದ ಜೋರು ಮಾತೊಂದು ಹೊರಬಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಅವರು ಮನೆಗೆ ಬಂದರೆ ಗಿರಣಿ ನಿಲ್ಲಿಸುತ್ತಿದ್ದರು. ಅವರಿಗೆ ಸದ್ದು ಆಗುತ್ತಿರಲಿಲ್ಲ.

ಅಜ್ಜಿ ಫೋನಿಗೆ ಕೈ ಅಡ್ಡ ಹಿಡಿದು ವರದಿ ಒಪ್ಪಿಸಿದಳು. “ತಮ್ಮನ್ನ ಕೇಳದೆ ಇವಳು ನಾಯಿ ಕೊಟ್ಟುಬಿಟ್ಟಿದಾಳಂತೆ. ಆದ್ರೂ ಪರವಾಗಿಲ್ಲ ಅಂತಿದಾರೆ, ದೊಡ್ಡ ಮನಸ್ಸು. ಅದು ಶಾಂತವಾದ ಮನೇಲಿ ಬೆಳೆದ ನಾಯಂತೆ. ನಮ್ಮ ಕಿರುಚಾಟಕ್ಕೆ ಹೆದರಿ ಹೀಗೆ ಮಾಡ್ತಿದೆಯಂತೆ. ಮೆತ್ತಗೆ ಮಾತಾಡಬೇಕಂತೆ.”

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಗಂಟಲಿನ ಬಗ್ಗೆ ಅವರಿಗೆ ಮೊದಲಿನಿಂದಲೂ ಒಂದು ನಾಚಿಕೆಯಿತ್ತು. ಮದುವೆ ಮನೆಗಳಲ್ಲಿ ಜನ ತಿರುಗಿ ನೋಡುತ್ತಿದ್ದರು, ಬಸ್ಸಿನಲ್ಲಿ ಸೀಟು ಬದಲಿಸುತ್ತಿದ್ದರು.

“ಭಾವ ಓದಿದೋರು. ಅವರು ಹೇಳಿದ್ಮೇಲೆ ಸರಿ ಇರುತ್ತೆ,” ಎಂದ ಗಿರಣಿಯಪ್ಪ.

ಅಂದಿನಿಂದ ಆ ಮನೆಯಲ್ಲಿ ಪಿಸುಮಾತಿನ ಆಳ್ವಿಕೆ ಶುರುವಾಯಿತು. ಕೂಗಿ ಅಭ್ಯಾಸವಿದ್ದವರು ಪಿಸುಗುಟ್ಟಿದರೆ ಹೇಗಿರುತ್ತದೆ? ಟಯರಿನಿಂದ ಗಾಳಿ ಬಿಟ್ಟಂತಿರುತ್ತದೆ. ಗಿರಣಿಯಮ್ಮ “ಉಪ್ಪು ಸಾಕಾ?” ಎಂದು ಉಸುರುವಳು, ಗಂಡ “ಯಾರು ಸತ್ರು?” ಎಂದು ಉಸುರುವನು. ಜಗಳ ನಿಲ್ಲಲಿಲ್ಲ, ಇನ್ನಷ್ಟು ವಿಷವಾಯಿತು. ಕೂಗಿ ಬೈದರೆ ಗಾಳಿಗೆ ಹಾರಿಹೋಗುತ್ತಿದ್ದ ಮಾತುಗಳು ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಕೂತವು.

“ಮೆತ್ತಗಾದ್ರೂ ಬೈ, ಜೋರಾಗಾದ್ರೂ ಬೈ, ನಾನು ಮಾತ್ರ ಬೈಸಿಕೊಳ್ಳೋಳೇ,” ಎಂದು ಅಜ್ಜಿ ಪಿಸುಗುಟ್ಟಿದಳು.

“ನೆಲ ಒರೆಸೋಳು ಯಾರು ಅನ್ನೋದು ಮಾತ್ರ ಬದಲಾಗ್ಲಿಲ್ಲ ಅತ್ತೆ,” ಎಂದು ಸೊಸೆ ಪಿಸುಗುಟ್ಟಿದಳು.

ನೆಲ ಒರೆಸುವ ಕೆಲಸ ಹೆಚ್ಚಿತು. ತೌಡು ಈಗ ಅಡುಗೆಮನೆಯಲ್ಲಿ, ನಡುಮನೆಯಲ್ಲಿ, ನಿಂತ ನಿಂತಲ್ಲೇ ಉಚ್ಚೆ ಹೊಯ್ಯತೊಡಗಿತು. ಯಾರಾದರೂ ಬಗ್ಗಿ, ಮೆಲ್ಲಗೆ, ಅಕ್ಕರೆಯಿಂದ ಕರೆದರೆ ಹೊಟ್ಟೆ ನೆಲಕ್ಕೆ ಹಚ್ಚಿ ಹಿಂದಕ್ಕೆ ತೆವಳುತ್ತಿತ್ತು. ಅನ್ನ ಮುಟ್ಟಲಿಲ್ಲ. ಮೋಟಾರಿನ ಮೂಲೆ ಬಿಟ್ಟು ಹೊರಗೆ ಬರಲಿಲ್ಲ. ಗಿರಣಿ ನಿಂತರೆ ಸಾಕು, ಕುಂಯ್‌ಗುಟ್ಟುತ್ತಿತ್ತು.

“ಇನ್ನೂ ಮೆತ್ತಗೆ ಮಾತಾಡಬೇಕೇನೋ,” ಎಂದ ಗಿರಣಿಯಪ್ಪ. ಒಂದು ಸಂಜೆ ಮೊಣಕಾಲೂರಿ, ಕೈ ಚಾಚಿ, ತನ್ನ ಜೀವಮಾನದಲ್ಲೇ ಅತಿ ಮೆಲ್ಲನೆಯ ದನಿಯಲ್ಲಿ “ಬಾ ಮಗಾ... ಬಾ...” ಎಂದ. ತೌಡು ಗೋಡೆಗೆ ಒತ್ತಿಕೊಂಡಿತು. ಇನ್ನು ಹಿಂದೆ ಸರಿಯಲು ಜಾಗವಿಲ್ಲದಾಗ ಅವನ ಅಂಗೈಯನ್ನು ಕಚ್ಚಿತು.

ಪಿಸುಮಾತು ಅಲ್ಲಿಗೆ ಮುಗಿಯಿತು. ಗಿರಣಿಯಪ್ಪನ ಬೊಬ್ಬೆಗೆ ಬೀದಿ ಸೇರಿತು.

ಆಸ್ಪತ್ರೆಯಲ್ಲಿ ಚುಚ್ಚುಮದ್ದಾಯಿತು, ಕೈಗೆ ಬಟ್ಟೆ ಸುತ್ತಿಕೊಂಡಿದ್ದಾಯಿತು. ಅಂದರೆ ಚೀಲ ಎತ್ತುವುದು, ಕಾಳು ಸುರಿಯುವುದು, ಜರಡಿ ಹಿಡಿಯುವುದು ಎಲ್ಲ ಗಿರಣಿಯಮ್ಮನ ಪಾಲಿಗೆ. ಅಡುಗೆ ಹೇಗೂ ಅವಳದೇ. ಬೆಳಗ್ಗೆಯಿಂದ ಸಂಜೆಯವರೆಗೆ ಹುಬ್ಬಿನ ಮೇಲೆ ಹಿಟ್ಟು ಹೊತ್ತು ತಿರುಗಿದಳು.

“ಆ ನಾಯಿ ಹೋಗ್ಬೇಕು,” ಎಂದಳು. “ಇಲ್ಲ ನಾನು ಹೋಗ್ಬೇಕು. ನಿಮ್ಮಕ್ಕನಿಗೆ ಫೋನ್ ಮಾಡ್ಸಿ.”

“ಕೊಡಬೇಡ ಅಂದಿದಾಳೆ ಕಣೇ.”

“ಅವಳಿಗೇನು? ಆಟೋ ಹತ್ತಿ ಹೋದ್ಲು. ಚೀಲ ಹೊರೋಳು ನಾನು.”

ಅಜ್ಜಿ ಆಗಲೇ ಫೋನು ಎತ್ತಿದ್ದಳು. ಆ ಕಡೆ ಮೊದಲು ಸಿಕ್ಕಿದ್ದು ಅಳಿಯ. “ಭಾನುವಾರ ತಾವೇ ಬಂದು ಕರ್ಕೊಂಡು ಹೋಗ್ತಾರಂತೆ. ದಾರಿಗೆ ತರೋದು ತಮಗೆ ಗೊತ್ತು ಅಂತಿದಾರೆ,” ಎಂದಳು. ಆಮೇಲೆ ಮಗಳು ಮಾತಾಡಿದ್ದಿರಬೇಕು. ಅಜ್ಜಿ ಬಹಳ ಹೊತ್ತು ಬರೀ “ಹೂಂ, ಹೂಂ” ಎಂದಳು. ಒಮ್ಮೆ “ಸುಮ್ನಿರು” ಎಂದಳು. ಫೋನು ಇಟ್ಟಳು.

“ಅಕ್ಕ ಏನಂದ್ಲಮ್ಮಾ?”

“ಕಳಿಸಿಬಿಡಿ ಅಂದ್ಲು. ಅವಳಿಗೂ ಸಾಕಾಗಿದೆಯಂತೆ.”

ಹಾಗಾಗಿ ಭಾನುವಾರಕ್ಕೆ ನಾಯಿ ಹೋಗುವುದು ಖಾತ್ರಿಯಾಯಿತು. ಹೋಗುವ ನಾಯಿಗೆ ಯಾಕೆ ಬೇಜಾರು ಎಂದು ಗಿರಣಿಯಮ್ಮ ಅದರ ತಟ್ಟೆಗೆ ಮೊಟ್ಟೆ ಒಡೆದು ಹಾಕಿದಳು. ಪಿಸುಗುಟ್ಟುವ ಕಟ್ಟುಪಾಡು ಹೋಗಿ ಮನೆ ಮತ್ತೆ ತನ್ನ ದನಿಗೆ ಬಂದಿತ್ತು. ಎರಡೇ ಹೊತ್ತಿನಲ್ಲಿ ತೌಡು ಮೂಲೆ ಬಿಟ್ಟು ಹೊರಬಂದು ಅವಳ ಸೆರಗಿಗೆ ಜೋತುಬಿತ್ತು. “ಬಿಡೋ ಶನಿಯೇ! ನಾಳಿದ್ದು ಹೋಗೋನಿಗೆ ಇವತ್ಯಾಕೆ ಪ್ರೀತಿ?” ಎಂದು ಅವಳು ಕೂಗಿದಳು. ಬಾಲ ಆಡಿತು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಗಿಣಿ ತನ್ನ ಆಟ ಶುರು ಮಾಡಿದಳು. ಕೈಗೆ ಬಟ್ಟೆ ಸುತ್ತಿಕೊಂಡ ಅಪ್ಪನಂತೆ ನರಳಿದಳು. ಅಜ್ಜಿಯಂತೆ “ನನ್ನನ್ಯಾಕೆ ಎಳೀತೀಯ?” ಎಂದಳು. ಅನ್ನ ಗಂಟಲಿಗೆ ಸಿಕ್ಕಿ ಗಿರಣಿಯಪ್ಪ ಕೆಮ್ಮಿದ. ತೌಡು ಅವಳ ಸುತ್ತ ಕುಣಿಯುತ್ತಿತ್ತು.

“ಈಗ ಲೈಬ್ರರಿ ಮಾವ,” ಎಂದು ಅವಳು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕನ್ನಡಕವನ್ನು ಒರೆಸಿ, ರೇಷ್ಮೆಯಂಥ ಮೆಲುದನಿಯಲ್ಲಿ ಹೇಳಿದಳು: “ಏನಮ್ಮಾ... ಏನು ಮಾಡ್ದೆ ನೀನು? ಬಾ ಇಲ್ಲಿ.”

ತೌಡು ಕುಣಿತದ ನಡುವೆಯೇ ಬಿತ್ತು. ಯಾರೋ ಕಾಲು ಕಡಿದಂತೆ. ನಾಲ್ಕೂ ಕಾಲನ್ನು ಹೊಟ್ಟೆಗೆ ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿ, ತಲೆಯನ್ನು ಮುಂಗಾಲ ನಡುವೆ ತೂರಿಸಿಕೊಂಡಿತು. ಅದರ ಕೆಳಗೆ ನೆಲ ಒದ್ದೆಯಾಯಿತು. ಓಡಲಿಲ್ಲ, ಗುರ್ ಅನ್ನಲಿಲ್ಲ. ಬೀಳಬೇಕಾದ್ದು ಬೀಳಲಿ ಎಂದು ಕಾಯುತ್ತಿತ್ತು.

ಗಿಣಿಯ ಕೈ ಗಾಳಿಯಲ್ಲೇ ನಿಂತಿತು. “ನಾನೇನೂ ಮಾಡ್ಲಿಲ್ಲಮ್ಮಾ.”

“ಇನ್ನೊಂದ್ಸಲ ಹೇಳು.”

“ಬೇಡ. ನಾನು ಹೇಳಲ್ಲ.”

ಗಿರಣಿಯಮ್ಮ ತಟ್ಟೆ ಸರಿಸಿ ಎದ್ದಳು. ಸೊಂಟಕ್ಕೆ ಕೈ ಕೊಟ್ಟು, ಗಂಟಲು ಹರಿಯುವಂತೆ ಅರಚಿದಳು: “ಲೇ ದರಿದ್ರದ್ದೇ! ಬಾರೋ ಇಲ್ಲಿ! ಏನೋ ಆಯ್ತು ನಿನಗೆ?”

ತೌಡು ಒಂದು ಕಣ್ಣು ತೆರೆಯಿತು. ತೆವಳಿ ಬಂದು ಅವಳ ಪಾದದ ಮೇಲೆ ತಲೆ ಇಟ್ಟಿತು.

“ಕೂಗಿದ್ರೆ ಬರುತ್ತೆ,” ಎಂದಳು ಅವಳು. “ಮೆತ್ತಗೆ ಕರೆದ್ರೆ ಸಾಯುತ್ತೆ. ಆ ಮನೇಲಿ ಇದಕ್ಕೆ ಏನು ಮಾಡಿದಾರೆ?”

“ಮೂಕಪ್ರಾಣಿ. ಅದಕ್ಕೇನು ತಿಳಿಯುತ್ತೆ? ಊಟ ಮಾಡಿ ಎಲ್ರೂ,” ಎಂದಳು ಅಜ್ಜಿ.

“ಅತ್ತಿಗೆ ಕಳೆದ ಸಲ ಬಂದಾಗ ಇಲ್ಲೇ ಕೂತು ಊಟ ಮಾಡ್ತಿದ್ರು,” ಗಿರಣಿಯಮ್ಮ ಗಂಡನ ಕಡೆ ತಿರುಗಿ, ಅವನಿಗೆ ತುಟಿ ಕಾಣುವಂತೆ ನಿಂತು ಹೇಳಿದಳು. “ನಿಮ್ಮ ಭಾವ ‘ಹೊರಡೋಣವಾ’ ಅಂತ ಹಿಂಗೇ ರೇಷ್ಮೆ ಥರ ಅಂದ್ರು. ಅತ್ತಿಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಇಡದೆ ಎದ್ದುಬಿಟ್ರು. ಹೊಟ್ಟೆ ಸರಿ ಇಲ್ಲ ಅಂದ್ರು. ನಾನು ನನ್ನ ಅಡುಗೆ ಸೇರಲಿಲ್ಲ ಅಂತ ಬೈಕೊಂಡೆ. ಅಲ್ರೀ, ಆ ಮನೇಲಿ ಇದ್ದದ್ದು ನಾಯಿ ಒಂದೇ ಅಲ್ಲ.”

ಗಿರಣಿಯಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಕ್ಕ ವಾರವಾರ ಫೋನ್ ಮಾಡ್ತಾಳೆ. ಹಂಗೇನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ? ಅಮ್ಮಾ?”

“ಚೆನ್ನಾಗಿದಾಳೆ ಅವಳು,” ಎಂದ ಅಜ್ಜಿ ಅನ್ನವನ್ನು ಕಲಸಿದ್ದನ್ನೇ ಮತ್ತೆ ಕಲಸಿದಳು. “ಬಂಗಾರದಂಥ ಅಳಿಯ. ನಾಯಿ ಮಾತು ಕೇಳ್ಕೊಂಡು ಮನುಷ್ಯರ ಮೇಲೆ ಆಪಾದನೆ ಹೊರಿಸ್ತೀರಾ?”

ಭಾನುವಾರ ಗಿರಣಿಗೆ ರಜೆ. ಲೈಬ್ರರಿ ಭಾವ ಹೆಂಡತಿಯೊಂದಿಗೆ ಕಾರಿನಲ್ಲಿ ಬಂದಿಳಿಯುವ ಹೊತ್ತಿಗೆ ಮೋಟಾರು ಭೋರೆನ್ನುತ್ತಿತ್ತು. ಗಿರಣಿಯಮ್ಮ ಬೆಳಗ್ಗೆಯೇ ಬಾಗಿಲು ತೆಗೆದಿದ್ದಳು. ರಜೆಯ ದಿನ ಗಿರಣಿ ತೆರೆದದ್ದು ಕಂಡು ಬೇಕರಿಯವನು, ದರ್ಜಿಯ ಹೆಂಡತಿ, ಇನ್ನೂ ಕೆಲವರು ಚೀಲ ಹಿಡಿದು ಸಾಲು ನಿಂತಿದ್ದರು. ಅಜ್ಜಿ ಒಳಗಿನಿಂದ “ಅಳಿಯಂದ್ರು ಬಂದ್ರು, ನಿಲ್ಸೇ!” ಎಂದು ಕೂಗುತ್ತಲೇ ಇದ್ದಳು. ಮೊದಲ ಬಾರಿಗೆ ಸೊಸೆಯ ಕಿವಿಯೂ ಮಂದವಾಗಿತ್ತು.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮೂಗಿಗೆ ಕರವಸ್ತ್ರ ಹಿಡಿದು ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಗಿರಣಿಯಪ್ಪ ಕಿವಿಗೆ ಕೈ ಹಿಡಿದು ತಲೆ ಅಲ್ಲಾಡಿಸಿದ. ಕರವಸ್ತ್ರದ ಹಿಂದೆ ತುಟಿಯೂ ಕಾಣುತ್ತಿರಲಿಲ್ಲ.

ಅವರ ಬೆನ್ನ ಹಿಂದೆ ಅಕ್ಕ ನಿಂತಿದ್ದಳು. ತೌಡು ಅವಳನ್ನು ಕಂಡು ಹಗ್ಗ ಜಗ್ಗುತ್ತಿತ್ತು. ಗಿರಣಿಯಪ್ಪ ಭಾವನ ಭುಜದಾಚೆ ನೋಡಿ, ಸದ್ದಿಲ್ಲದೆ ಬಾಯಿ ಆಡಿಸಿದ: “ಹೊಡೀತಾನಾ?”

ಅಕ್ಕ ಅವನನ್ನೇ ದಿಟ್ಟಿಸಿದಳು. “ನಿನಗೆ ಗೊತ್ತಿಲ್ವಾ?” ಎಂದವು ಅವಳ ತುಟಿ.

“ಇಲ್ಲ.”

“ಎಷ್ಟು ಸಲ ಹೇಳಿದೀನಿ ಫೋನಲ್ಲಿ! ಬಂದು ಕರ್ಕೊಂಡು ಹೋಗು ಅಂತ. ಅಮ್ಮ ನಿನಗೆ ಹೇಳಿದೀನಿ ಅಂದ್ಲು. ನೀನೇ ‘ಸುಮ್ಮನಿರು’ ಅಂದೆ ಅಂದ್ಲು.”

“ನಾನಾ?”

“ನೀನು ಬರಲ್ಲ ಅಂತ ತಿಳ್ಕೊಂಡೆ. ನಾಯಿನಾದ್ರೂ ಇಟ್ಕೊಳ್ತೀಯ ಅಂತ ತಂದುಬಿಟ್ಟೆ. ಅದನ್ನೂ ವಾಪಸ್ ಕಳಿಸ್ತೀನಿ ಅಂದ್ಯಂತೆ.”

ಭಾವ ಇಬ್ಬರ ನಡುವೆ ನಿಂತಿದ್ದರು. ಬಾಯಿಗಳು ಆಡುತ್ತಿರುವುದು ಅವರಿಗೆ ಕಾಣುತ್ತಿತ್ತು, ಒಂದಕ್ಷರ ತಿಳಿಯುತ್ತಿರಲಿಲ್ಲ. ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿದರು. ಹೆಂಡತಿಯ ಮೊಣಕೈ ಹಿಡಿದು ಅವಳ ಕಿವಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಅದು ಅವಳಿಗೂ ಕೇಳಿಸಲಿಲ್ಲ. ಅವಳು ತಮ್ಮನ ತುಟಿಯನ್ನೇ ನೋಡುತ್ತಿದ್ದಳು. ಭಾವ ಅವಳ ಕೈ ತಿರುಚಿ ಜಗ್ಗಿದರು. ಅವಳು ಕದಲಲಿಲ್ಲ. ಆಗ ಅವರಿಗೆ ಕೂಗದೆ ಬೇರೆ ದಾರಿ ಉಳಿಯಲಿಲ್ಲ.

ಗಿರಣಿಯಮ್ಮನ ಕೈ ಸ್ವಿಚ್ಚಿನ ಹಿಡಿಯ ಮೇಲಿತ್ತು. ಅವರ ಕುತ್ತಿಗೆಯ ನರ ಉಬ್ಬಿದ್ದನ್ನು ಕಂಡಳು, ಬಾಯಿ ಪೂರ್ತಿ ತೆರೆದದ್ದನ್ನು ಕಂಡಳು, ಹಿಡಿಯನ್ನು ಕೆಳಗೆ ಎಳೆದಳು. ಬೀಸುಕಲ್ಲು ನರಳಿ ನಿಂತಿತು. ಅವರ ದನಿ ನಿಲ್ಲಲಿಲ್ಲ.

“—ಕಾರು ಹತ್ತು, ಮುದಿ ಹೆಣವೇ! ನಾಯಿಗೆ ಬಿದ್ದದ್ದು ಮರೆತೋಯ್ತಾ? ರೂಲುದೊಣ್ಣೆ ಮನೇಲೇ ಇದೆ, ಇವತ್ತು ನಿನ್ನ ಚರ್ಮ ಸುಲೀದಿದ್ರೆ ಕೇಳು!”

ಬೇಕರಿಯವನ ಚೀಲ ಕೈಜಾರಿತು. ಗೋಧಿ ನೆಲದ ಮೇಲೆಲ್ಲ ಹರಡಿತು. ಯಾರೂ ಬಗ್ಗಿ ಬಳಿಯಲಿಲ್ಲ.

ಭಾವ ಕನ್ನಡಕ ತೆಗೆದು ಒರೆಸಿದರು. ದನಿ ತನ್ನ ಹಳೆಯ ಜಾಗಕ್ಕೆ ಇಳಿಯಿತು. “ತಪ್ಪು ತಿಳೀಬೇಡಿ. ಗಲಾಟೇಲಿ ಏನೋ ಬಾಯಿಗೆ ಬಂತು.” ಹೆಂಡತಿಯ ಕಡೆ ತಿರುಗಿ ಇನ್ನೂ ಮೆಲ್ಲಗೆ ಹೇಳಿದರು: “ಬಾಮ್ಮಾ. ಹೋಗೋಣ.”

ತೌಡು ನೆಲಕ್ಕೆ ಅಂಟಿಕೊಂಡಿತು. ಅಕ್ಕನ ಕಾಲು ಅವಳನ್ನು ಕೇಳದೆ ಕಾರಿನ ಕಡೆ ಒಂದು ಹೆಜ್ಜೆ ಇಟ್ಟಿತು. ಇಡೀ ಸಾಲು ಅದನ್ನು ನೋಡಿತು.

“ಅತ್ತಿಗೇ!” ಗಿರಣಿಯಮ್ಮ ಅರಚಿದ ರಭಸಕ್ಕೆ ಹಲಗೆಯ ಮೇಲಿನ ಲೋಟ ನಡುಗಿತು. “ಎಲ್ಲಿಗೆ ಹೊರಟ್ರಿ? ಒಳಗೆ ಬೇಳೆ ಸೀದುಹೋಗ್ತಿದೆ! ಹೋಗಿ ತಿರುಗಿಸ್ರೀ!”

ಅಕ್ಕ ನಿಂತಳು. ಇತ್ತ ನೋಡಿದಳು, ಅತ್ತ ನೋಡಿದಳು. ಆಮೇಲೆ ತೌಡಿನ ಹಗ್ಗ ಹಿಡಿದು, ಕದವಿಲ್ಲದ ಬಾಗಿಲು ದಾಟಿ ಅಡುಗೆಮನೆಗೆ ಹೋದಳು.

ಭಾವ ಹಿಂದೆಯೇ ಕಾಲಿಟ್ಟರು. ಗಿರಣಿಯಪ್ಪ ಎರಡೂ ಕೈಯಿಂದ ಅವರ ಎದೆಗೆ ಕೊಟ್ಟು ತಳ್ಳಿದ. ಬಿಳಿ ಅಂಗಿಯ ಮೇಲೆ ಇನ್ನೂ ಬಿಳಿಯ ಎರಡು ಅಂಗೈ ಮೂಡಿದವು. ಬಟ್ಟೆ ಸುತ್ತಿದ ಕೈಯಲ್ಲಿ ಗಾಯ ಬಿರಿದು ರಕ್ತ ಬಂತು.

“ಇಟ್ಕೊಳ್ಳಿ,” ಎಂದರು ಭಾವ. “ಎರಡನ್ನೂ ನೀವೇ ಇಟ್ಕೊಳ್ಳಿ.”

“ಎರಡನ್ನೂ ಅಂದ್ರೇನ್ರೀ?” ಎಂದ ಬೇಕರಿಯವನು ಮುಂದೆ ಬಂದು. “ಇನ್ನೊಂದ್ಸಲ ಅನ್ನಿ. ಸ್ವಲ್ಪ ಜೋರಾಗಿ ಅನ್ನಿ.”

ಲೈಬ್ರರಿ ಭಾವ ಅನ್ನಲಿಲ್ಲ. ಕಾರಿನ ಬಾಗಿಲು ಕೂಡ ಮೆಲ್ಲಗೆ ಹಾಕಿಕೊಂಡು ಹೋದ.

ಬೇಳೆ ಸೀದೇ ಹೋಗಿತ್ತು. ಅಂದು ಎಲ್ಲರೂ ಸೀದ ಬೇಳೆಯನ್ನೇ ತಿಂದರು, ಅಜ್ಜಿಯ ಹೊರತು. ಮಗ ಅವಳ ಮಂಚದ ಮುಂದೆ ನಿಂತು ಒಂದೇ ಮಾತು ಕೇಳಿದ್ದ: “ನಾನು ಸುಮ್ಮನಿರು ಅಂದ್ನಾ?”

“ಹೇಳಿದ್ರೆ ನೀನು ಹೋಗಿ ಅವನ ಕೈಕಾಲು ಮುರೀತಿದ್ದೆ. ಜೈಲಿಗೆ ಹೋಗ್ತಿದ್ದೆ. ಗಿರಣಿ ಯಾರು ನಡೆಸ್ತಿದ್ರು?” ಎಂದಳು ಅಜ್ಜಿ. “ಇವಳು ಗಂಡನ್ನ ಬಿಟ್ಟು ಬಂದು ಇಲ್ಲಿ ಕೂತ್ರೆ ಬೀದಿ ಏನನ್ನುತ್ತಿತ್ತು? ಎಲ್ರ ಸಂಸಾರ ಉಳೀಲಿ ಅಂತ ನಾನು ಒಬ್ಬಳೇ ನುಂಗಿಕೊಂಡೆ ಕಣೋ.”

“ನೀನೆಲ್ಲಿ ನುಂಗ್ದೆ? ಪೆಟ್ಟು ನುಂಗಿದ್ದು ಅಕ್ಕ.”

ಆಮೇಲಿನ ವಾರಗಳಲ್ಲಿ ಮನೆ ಇನ್ನಷ್ಟು ಇಕ್ಕಟ್ಟಾಯಿತು. ಅಕ್ಕ ಗಿಣಿಯ ಕೋಣೆಯಲ್ಲಿ ಮಲಗಿದಳು. ಓದಲು ಜಾಗವಿಲ್ಲವೆಂದು ಗಿಣಿ ಕೂಗಾಡಿದಳು. ಅಕ್ಕ ಕೇಳದೆ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಉಪ್ಪಿನ ಡಬ್ಬಿ ಸಿಗದೆ ಗಿರಣಿಯಮ್ಮ ರಂಪ ಮಾಡಿದಳು. ಅಕ್ಕ ಮೊದಮೊದಲು ಪ್ರತಿ ಮಾತಿಗೂ “ಆಯ್ತಮ್ಮ, ತಪ್ಪಾಯ್ತು” ಎನ್ನುತ್ತಿದ್ದಳು. ಒಂದು ದಿನ ಸಾಕಾಗಿ, “ನಾನೂ ಈ ಗಿರಣೀಲೇ ಹುಟ್ಟಿದೋಳು, ಡಬ್ಬಿ ಎಲ್ಲಿಡಬೇಕು ಅಂತ ನನಗೂ ಗೊತ್ತು!” ಎಂದಳು. ದನಿ ಒಡೆದು ಅರ್ಧ ಕೀರಲಾಯಿತು. ಬಾಗಿಲಲ್ಲಿ ಮಲಗಿದ್ದ ತೌಡು ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಗಿರಣಿಯಪ್ಪನ ಗಾಯ ಮಾಯಿತು. ಅದೇ ಕೈಯಿಂದ ಅವನು ನಾಯಿಗೆ ರೊಟ್ಟಿ ಮುರಿದು ಹಾಕುತ್ತಿದ್ದ.

ಅಜ್ಜಿಯ ಜೊತೆ ಅವನು ಜಗಳವಾಡಲಿಲ್ಲ. ಅವಳ ಬಾಯಿಯ ಕಡೆ ನೋಡುವುದನ್ನು ಬಿಟ್ಟ, ಅಷ್ಟೇ. “ಮಗಾ, ಚಹಾ ಕುಡಿದ್ಯಾ?” ಎಂದು ಅವಳು ಕೂಗುವಳು, ಅವನು ಕಲ್ಲಿನ ಕಡೆ ನೋಡುವನು. “ಲೋ, ನಿನ್ನನ್ನೇ!” ಎಂದು ಬೊಬ್ಬೆ ಹೊಡೆಯುವಳು, ಅವನು ಜರಡಿಯ ಕಡೆ ನೋಡುವನು. ಅವಳೆಷ್ಟು ಕೂಗಿದರೂ ಅವನ ಪಾಲಿಗೆ ಅದು ಮೋಟಾರಿನ ಸದ್ದಿನಲ್ಲಿ ಇನ್ನೊಂದು ಸದ್ದು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು. ಮಗನ ಎದುರಿಗೆ ಬಂದು, ಸೊಂಟ ಬಗ್ಗಿಸಿ, ತನ್ನ ಮುಖವನ್ನು ಅವನ ಮುಖದ ಮಟ್ಟಕ್ಕೆ ತಂದಳು. “ನೋಡೋ ನನ್ನ ಕಡೆ. ಒಂದ್ಸಲ ನೋಡೋ.”

ಅವನು ತಟ್ಟೆಗೆ ಬಗ್ಗಿ ತುತ್ತು ಕಲಸಿದ. ಅವಳು ಇನ್ನೂ ಬಗ್ಗಿದಳು. ಅವನು ಕುತ್ತಿಗೆ ಹೊರಳಿಸಿ ನಾಯಿಯನ್ನು ನೋಡಿದ. ಅಕ್ಕ ನೀರಿನ ಲೋಟ ಹಿಡಿದು ಎದ್ದವಳು ಮತ್ತೆ ಕೂತಳು.

“ನೋಡ್ರೀ ಅತ್ಲಾಗೆ! ಹೆತ್ತ ತಾಯಿ ಅವರು!” ಎಂದು ಗಿರಣಿಯಮ್ಮ ಕೂಗಿದಳು. ಅವನು ಅವಳ ಕಡೆಗೂ ನೋಡಲಿಲ್ಲ.

ಗಿರಣಿಯಮ್ಮ ಒಂದು ತಟ್ಟೆ ತಂದು ತನ್ನ ಪಕ್ಕ ಕುಕ್ಕಿದಳು. ಅನ್ನ ಬಡಿಸಿದಳು, ಬೇಳೆ ಸುರಿದಳು, ಅಜ್ಜಿಯ ರಟ್ಟೆ ಹಿಡಿದು ಕೂರಿಸಿದಳು.

“ತಿನ್ನಿ ಅತ್ತೆ, ತಣ್ಣಗಾಗುತ್ತೆ. ತಿಂದಾದ್ಮೇಲೆ ನನಗೂ ಒಂದು ಕೇಳೋದಿದೆ. ಇಷ್ಟು ವರ್ಷ ನನ್ನ ತವರಿನ ಫೋನುಗಳನ್ನೂ ಎತ್ತುತ್ತಾ ಇದ್ದದ್ದು ನೀವೇ ತಾನೆ?”

ಅಜ್ಜಿಯ ಕೈ ಅನ್ನದ ಮೇಲೆ ನಿಂತಿತು. ಈ ಮಾತನ್ನು ಗಿರಣಿಯಮ್ಮ ಕೂಗಿ ಹೇಳಿರಲಿಲ್ಲ.